ಶಿಶುಪಾಲನಾ ಕೇಂದ್ರಗಳ ಸುರಕ್ಷತೆ ಮತ್ತು ಹೆತ್ತವರ ಹೋರಾಟ: ಮೆಕ್ಸಿಕೊದ ಎಬಿಸಿ ಪ್ರಕರಣ

ದುಡಿಯುವ ತಾಯಿತಂದೆಯರು ಹಗಲು ಹೊತ್ತು ಮಕ್ಕಳನ್ನು ಬಿಟ್ಟುಹೋಗುವ ಶಿಶುಪಾಲನಾ ಕೇಂದ್ರಗಳು ಸುರಕ್ಷಿತವಾಗಿರಬೇಕು, ಅವುಗಳ ಮೇಲೆ ಸರ್ಕಾರದ ಉಸ್ತುವಾರಿ ಬಿಗಿಯಾಗಿರಬೇಕು ಎಂದು ಹೆತ್ತವರೇ ಸಂಘಟಿತರಾಗಿ ಒತ್ತಾಯಿಸುವ ಚಳವಳಿಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಹಲವು ದೇಶಗಳ ಕಾನೂನನ್ನು ತಿದ್ದಿವೆ. ಇವುಗಳಲ್ಲಿ ಮೆಕ್ಸಿಕೊ ದೇಶದ ಎರ್ಮೊಸಿಯೊ ನಗರದ ಹೆತ್ತವರು 2009ರಿಂದ ನಡೆಸಿಕೊಂಡು ಬಂದಿರುವ ಹೋರಾಟಕ್ಕೆ ವಿಶೇಷ ಸ್ಥಾನವಿದೆ. ನಲವತ್ತೊಂಬತ್ತು ಮಕ್ಕಳನ್ನು ಬಲಿ ತೆಗೆದುಕೊಂಡ ಬೆಂಕಿಯ ನಂತರ ಹುಟ್ಟಿದ ಈ ಚಳವಳಿ ಬೀದಿ, ನ್ಯಾಯಾಲಯ ಮತ್ತು ಸಂಸತ್ತು ಮೂರನ್ನೂ ತಟ್ಟಿತು. ಬೇರೆಡೆ ನಡೆದ ಇಂಥ ಹೋರಾಟಗಳನ್ನು ಅರ್ಥಮಾಡಿಕೊಳ್ಳಲು ಇದು ಅಳತೆಗೋಲಾಗಿದೆ.

ಹಿನ್ನೆಲೆ

ಮೆಕ್ಸಿಕೊದಲ್ಲಿ ನೌಕರಿಯಲ್ಲಿರುವ ತಾಯಂದಿರ ಮಕ್ಕಳ ಪಾಲನೆ ಕಾನೂನು ಕೊಟ್ಟ ಹಕ್ಕು. 1943ರಲ್ಲಿ ಸ್ಥಾಪನೆಯಾದ ಮೆಕ್ಸಿಕೊ ಸಾಮಾಜಿಕ ವಿಮಾ ಸಂಸ್ಥೆ (ಸ್ಪ್ಯಾನಿಷ್ ಹೆಸರಿನ ಮೊದಲಕ್ಷರಗಳಿಂದ ‘ಇಮ್ಸ್’) ಕಾರ್ಮಿಕರ ವೈದ್ಯಕೀಯ ನೆರವು, ಪಿಂಚಣಿ ಮೊದಲಾದವನ್ನು ನೋಡಿಕೊಳ್ಳುವ ದೊಡ್ಡ ಸರ್ಕಾರಿ ಸಂಸ್ಥೆ. 1973ರ ಸಾಮಾಜಿಕ ವಿಮಾ ಕಾಯ್ದೆ ಶಿಶುಪಾಲನೆಯನ್ನೂ ಅದರ ಹೊಣೆಗೆ ಸೇರಿಸಿತು. ಮಾಲೀಕರು ಸಂಬಳದ ಮೊತ್ತದ ಮೇಲೆ ವಂತಿಗೆ ಕಟ್ಟಬೇಕು. ವಿಮೆಗೊಳಪಟ್ಟ ತಾಯಿಯ ಕೂಸನ್ನು 43 ದಿನ ತುಂಬಿದಾಗಿನಿಂದ ನಾಲ್ಕು ವರ್ಷದವರೆಗೆ ಸಂಸ್ಥೆ ನೋಡಿಕೊಳ್ಳಬೇಕು. ಕಾಗದದ ಮೇಲೆ ಇದು ಅಂದಿನ ಅನೇಕ ಶ್ರೀಮಂತ ದೇಶಗಳಲ್ಲೂ ಇಲ್ಲದ ಉದಾರ ವ್ಯವಸ್ಥೆ.

ಆದರೆ ಕೇಂದ್ರಗಳಿಗಿಂತ ಬೇಡಿಕೆ ಬಹಳ ವೇಗವಾಗಿ ಬೆಳೆಯಿತು. ಗಡಿಯುದ್ದಕ್ಕೂ ತಲೆಯೆತ್ತಿದ ಕಾರ್ಖಾನೆಗಳಿಗೆ, ಅಂಗಡಿ ಕಚೇರಿಗಳಿಗೆ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದರು. ತಾನೇ ಕಟ್ಟಡ ಕಟ್ಟಿ, ಸಿಬ್ಬಂದಿ ನೇಮಿಸಿ ನಡೆಸುವ ಬದಲು ಸಂಸ್ಥೆ ಖಾಸಗಿಯವರಿಗೆ ಹೊರಗುತ್ತಿಗೆ ಕೊಡುವ ದಾರಿ ಹಿಡಿಯಿತು. ತಲೆಗಿಷ್ಟು ಎಂದು ಹಣ ಸಂಸ್ಥೆಯದು; ಜಾಗ, ಆಯಾಗಳು, ಅಡುಗೆ ಎಲ್ಲ ಗುತ್ತಿಗೆದಾರರದು. 2009ರ ಹೊತ್ತಿಗೆ ಇಂಥ ಕೇಂದ್ರಗಳು ಹೆಚ್ಚುಕಡಿಮೆ ಒಂದೂವರೆ ಸಾವಿರವಾಗಿ, ಸಂಸ್ಥೆಯ ಸ್ವಂತ ಕೇಂದ್ರಗಳನ್ನು ಹಲವು ಪಟ್ಟು ಮೀರಿದ್ದವು. ಮಗುವಿಗೆ ಜಾಗ ಸಿಕ್ಕಿತು ಎಂಬುದೇ ತಾಯಂದಿರಿಗೆ ದೊಡ್ಡ ಸಮಾಧಾನ. ಕಟ್ಟಡ ಎಂಥದು, ಬಾಗಿಲುಗಳೆಷ್ಟು ಎಂದು ಕೇಳುವುದು ಸರ್ಕಾರದ ಕೆಲಸ ಎಂದು ಅವರು ನಂಬಿದ್ದರು. ಕೇಂದ್ರದ ಹೊರಗೆ ಸರ್ಕಾರಿ ಸಂಸ್ಥೆಯ ಲಾಂಛನ ಇದ್ದಾಗ ಆ ನಂಬಿಕೆಯಲ್ಲಿ ತಪ್ಪು ಹುಡುಕಲು ಬರುವುದಿಲ್ಲ.

2009ರ ಜೂನ್ 5

ಎರ್ಮೊಸಿಯೊ ವಾಯವ್ಯ ಮೆಕ್ಸಿಕೊದ ಸೊನೋರಾ ರಾಜ್ಯದ ರಾಜಧಾನಿ. ಮರುಭೂಮಿಯ ಊರು, ಜೂನ್ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಎಬಿಸಿ ಹೆಸರಿನ ಕೇಂದ್ರಕ್ಕೆ ಹೊರಗುತ್ತಿಗೆ ಸಿಕ್ಕಿದ್ದು 2001ರಲ್ಲಿ. ಅದು ಮಕ್ಕಳಿಗಾಗಿ ಕಟ್ಟಿದ ಮನೆಯಾಗಿರಲಿಲ್ಲ. ಗೋದಾಮಿನ ಕಟ್ಟಡವೊಂದನ್ನು ಗೋಡೆ ಎಬ್ಬಿಸಿ, ಬಣ್ಣ ಬಳಿದು ಮಾರ್ಪಡಿಸಿದ್ದರು. ಅದೇ ಸೂರಿನ ಪಕ್ಕದ ಭಾಗದಲ್ಲಿ ಸೊನೋರಾ ಸರ್ಕಾರದ ಹಣಕಾಸು ಇಲಾಖೆಯ ಉಗ್ರಾಣವಿತ್ತು. ಅಲ್ಲಿ ಕಡತಗಳ ರಾಶಿ, ವಾಹನಗಳ ನಂಬರ್ ಪ್ಲೇಟುಗಳು, ಹಳೆಯ ಸಾಮಾನು.

ಶುಕ್ರವಾರ ಮಧ್ಯಾಹ್ನ ಮೂರರ ಸುಮಾರಿಗೆ ಉಗ್ರಾಣದಲ್ಲಿ ಬೆಂಕಿ ಹೊತ್ತಿತು. ಕಾದು ಕೆಟ್ಟ ಕೂಲರ್‌ನಿಂದ ಅದು ಶುರುವಾಯಿತು ಎಂದು ಅಧಿಕೃತ ತನಿಖೆ ಹೇಳಿತು. ಯಾರಾದರೂ ಬೇಕೆಂದೇ ಹಚ್ಚಿದರೇ ಎಂಬ ಸಂಶಯವನ್ನು ಕೆಲವು ಹೆತ್ತವರು ಮುಂದಿನ ವರ್ಷಗಳಲ್ಲೂ ಎತ್ತಿದ್ದಾರೆ. ಊಟ ಮುಗಿದು ಮಕ್ಕಳು ಮಲಗಿದ್ದ ಹೊತ್ತದು. ಬೆಂಕಿ ಮತ್ತು ಹೊಗೆ ಮೇಲೇರಿ, ಚಾವಣಿಯ ಅಡಿಯಿಂದ ಕೇಂದ್ರದ ಕಡೆಗೆ ದಾಟಿದವು. ಮಕ್ಕಳ ತಲೆಯ ಮೇಲಿದ್ದ ಫಾಲ್ಸ್ ಸೀಲಿಂಗ್ ಅದನ್ನು ಮರೆಮಾಡಿತ್ತು. ಆದ್ದರಿಂದ ಅಪಾಯ ಒಳಗಿದ್ದವರ ಕಣ್ಣಿಗೆ ಬೀಳುವಷ್ಟರಲ್ಲಿ ಕಾಲ ಮೀರಿತ್ತು. ಶಾಖ ತಡೆಯಲು ಬಳಸಿದ್ದ ಪ್ಲಾಸ್ಟಿಕ್ ನೊರೆ ಮತ್ತು ಒಳಗೆ ಬಿಗಿದಿದ್ದ ಬಟ್ಟೆಯ ಮೇಲುಹೊದಿಕೆ ಹೊತ್ತಿ, ಕರಗಿ ಕೆಳಗೆ ಸುರಿದವು. ಹೊರಬರಲು ನಿಜವಾಗಿ ಉಪಯೋಗಕ್ಕೆ ಬಂದದ್ದು ಮುಂಬಾಗಿಲೊಂದೇ. ಇನ್ನೂ ನಡೆಯಲು ಬಾರದ ಕೂಸುಗಳನ್ನು ಆಯಾಗಳು ಕೈಗೆ ಸಿಕ್ಕಷ್ಟು ಎತ್ತಿಕೊಂಡು ಓಡಿದರು. ನೆರೆಹೊರೆಯವರು ಓಡಿಬಂದರು, ಒಬ್ಬರು ತಮ್ಮ ಪಿಕಪ್ ಟ್ರಕ್ಕನ್ನು ಮತ್ತೆ ಮತ್ತೆ ಗೋಡೆಗೆ ಗುದ್ದಿ ಕಿಂಡಿ ಮಾಡಿದರು. ಹಲವು ಮಕ್ಕಳು ಉಳಿದದ್ದು ಆ ಕಿಂಡಿಯಿಂದ.

49 ಮಕ್ಕಳು ಸತ್ತರು. ಇಪ್ಪತ್ತೈದು ಹೆಣ್ಣು, ಇಪ್ಪತ್ತನಾಲ್ಕು ಗಂಡು. ಎಲ್ಲರೂ ಐದು ವರ್ಷ ಮೀರದವರು. ಗಾಯಗೊಂಡವರು, ಹೊಗೆ ಕುಡಿದವರು ನೂರಕ್ಕೂ ಹೆಚ್ಚು. ಸುಟ್ಟಗಾಯದ ಚಿಕಿತ್ಸೆಗಾಗಿ ಕೆಲವರನ್ನು ಗ್ವಾದಲಹಾರಾ ನಗರಕ್ಕೂ ಅಮೆರಿಕದ ಸ್ಯಾಕ್ರಮೆಂಟೊ ನಗರದ ಮಕ್ಕಳ ಆಸ್ಪತ್ರೆಗೂ ವಿಮಾನದಲ್ಲಿ ಸಾಗಿಸಿದರು.

ಮುಂದಿನ ದಿನಗಳಲ್ಲಿ ಎರಡು ಸಂಗತಿಗಳು ಜನರನ್ನು ಕೆರಳಿಸಿದವು. ಗುತ್ತಿಗೆ ಹಿಡಿದ ಪಾಲುದಾರರಲ್ಲಿ ಅಂದಿನ ಅಧ್ಯಕ್ಷ ಫೆಲಿಪೆ ಕಾಲ್ಡೆರೋನ್ ಅವರ ಪತ್ನಿಯ ಬಂಧುವೊಬ್ಬರೂ ಸೊನೋರಾ ಸರ್ಕಾರದ ಅಧಿಕಾರಿಗಳಿಗೆ ಹತ್ತಿರದವರೂ ಇದ್ದರೆಂಬುದು ಮೊದಲನೆಯದು. ಎರಡನೆಯದು ಇನ್ನೂ ಘೋರವಾದದ್ದು: ದುರಂತಕ್ಕೆ ಕೆಲವೇ ದಿನ ಮೊದಲು, ಮೇ ತಿಂಗಳಲ್ಲಿ ಕೇಂದ್ರದ ತಪಾಸಣೆ ಆಗಿತ್ತು ಮತ್ತು ಕೇಂದ್ರ ಅದರಲ್ಲಿ ತೇರ್ಗಡೆಯಾಗಿತ್ತು ಎಂದು ವಿಮಾ ಸಂಸ್ಥೆಯೇ ಹೇಳಿತು. ಸಂಸ್ಥೆ ಇದನ್ನು ತನ್ನ ಸಮರ್ಥನೆಗೆಂದು ಹೇಳಿತ್ತು. ಹೆತ್ತವರಿಗೆ ಅದೇ ಅತಿ ದೊಡ್ಡ ಆರೋಪವಾಗಿ ಕೇಳಿಸಿತು. ಈ ಕಟ್ಟಡ ತಪಾಸಣೆಯಲ್ಲಿ ತೇರ್ಗಡೆಯಾಗುವುದಾದರೆ ದೇಶದ ಉಳಿದ ಕೇಂದ್ರಗಳ ಗತಿ ಏನು? ಒಂದು ಊರಿನ ದುಃಖ ದೇಶದ ಪ್ರಶ್ನೆಯಾದದ್ದು ಈ ಹಂತದಲ್ಲಿ ಎಂಬುದು ಈ ಲೇಖಕರ ಅಭಿಪ್ರಾಯ.

ಚಳವಳಿ

ದುರಂತದ ಮರುದಿನಗಳಿಂದಲೇ ಮೆರವಣಿಗೆಗಳು ಶುರುವಾದವು. ಮಕ್ಕಳನ್ನು ಕಳೆದುಕೊಂಡವರು, ಗಾಯಾಳು ಮಕ್ಕಳ ತಾಯಿತಂದೆಯರು, ಇವರಾರನ್ನೂ ಮುಂಚೆ ಅರಿಯದ ಊರವರು ಒಟ್ಟಾಗಿ ನಡೆದರು. ಮೆರವಣಿಗೆಯಲ್ಲಿ ನಲವತ್ತೊಂಬತ್ತು ಹೆಸರುಗಳನ್ನೂ ಒಂದೊಂದಾಗಿ ಕೂಗುತ್ತಾರೆ. ಪ್ರತಿ ಹೆಸರಿಗೂ ನೆರೆದವರು ‘ಸಾಯಬಾರದಿತ್ತು’ ಎಂದು ಉತ್ತರಿಸುತ್ತಾರೆ. ಈ ಪದ್ಧತಿ ಇಂದಿಗೂ ಜೂನ್ 5ರ ಸಭೆಗಳ ಗುರುತು. ದುರಂತ ನಡೆದ ಸರಿಯಾಗಿ ಒಂದು ತಿಂಗಳಿಗೆ, 2009ರ ಜುಲೈ 5ರಂದು, ಸೊನೋರಾದಲ್ಲಿ ರಾಜ್ಯಪಾಲರ ಚುನಾವಣೆ ನಡೆಯಿತು. ದಶಕಗಳಿಂದ ಆ ಹುದ್ದೆಯನ್ನು ಬಿಟ್ಟುಕೊಡದ ಪಕ್ಷ ಮೊದಲ ಬಾರಿಗೆ ಸೋತಿತು. ಬೆಂಕಿಯೊಂದೇ ಇದಕ್ಕೆ ಕಾರಣವೆನ್ನುವುದು ಅತಿಯಾದೀತು, ಆದರೆ ಆ ಚುನಾವಣೆಯನ್ನು ಬೆಂಕಿಯಿಂದ ಬೇರ್ಪಡಿಸಿ ನೋಡಿದವರು ಕಡಿಮೆ.

ಹೆತ್ತವರು ಒಂದೇ ಸಂಘವಾಗಿ ಉಳಿಯಲಿಲ್ಲ. ‘ಜೂನ್ 5 ನ್ಯಾಯಕ್ಕಾಗಿ ನಾಗರಿಕ ಚಳವಳಿ’ ಮತ್ತು ‘ನಮ್ಮ ಮಕ್ಕಳಿಗಾಗಿ ಒಂದಾದ ಕೈಗಳು’ ಎಂಬ ಅರ್ಥದ ಹೆಸರುಗಳ ಗುಂಪುಗಳು ಅವುಗಳಲ್ಲಿ ಮುಖ್ಯವಾದವು. ಮಗುವನ್ನು ಕಳೆದುಕೊಂಡ ಮನೆಯ ಅಗತ್ಯ ಬೇರೆ, ಸುಟ್ಟ ಶ್ವಾಸಕೋಶದ ಮಗುವನ್ನು ದಿನವೂ ಆಸ್ಪತ್ರೆಗೆ ಒಯ್ಯುವ ಮನೆಯ ಅಗತ್ಯ ಬೇರೆ. ಕೆಲವರಿಗೆ ತಪ್ಪಿತಸ್ಥರ ಶಿಕ್ಷೆ ಮೊದಲು, ಕೆಲವರಿಗೆ ಚಿಕಿತ್ಸೆ, ಇನ್ನು ಕೆಲವರಿಗೆ ಕಾನೂನು. ಹೊರಗಿನವರು ಇದನ್ನು ಒಡಕು ಎಂದು ಬರೆದದ್ದುಂಟು. ಶೋಕದಲ್ಲಿರುವವರೆಲ್ಲ ಒಂದೇ ಮಾತನಾಡಬೇಕೆಂದು ಬಯಸುವುದು ನ್ಯಾಯವಲ್ಲ. ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಬಾಗಿಲು ತಟ್ಟಿದ್ದರಿಂದ ಒಟ್ಟು ಒತ್ತಡ ಹೆಚ್ಚಿತೆಂದೇ ಹೇಳಬೇಕು.

ಮಾಮೂಲು ಕ್ರಿಮಿನಲ್ ಮೊಕದ್ದಮೆ ಕೆಳಹಂತದ ನೌಕರರಲ್ಲೇ ನಿಂತುಬಿಡುತ್ತದೆ ಎಂದು ಮನಗಂಡ ಹೆತ್ತವರು ಮತ್ತು ಅವರ ವಕೀಲರು ಸುಪ್ರೀಂ ಕೋರ್ಟಿನತ್ತ ತಿರುಗಿದರು. ಮೂಲಭೂತ ಹಕ್ಕುಗಳ ಗಂಭೀರ ಉಲ್ಲಂಘನೆಯನ್ನು ತಾನೇ ತನಿಖೆ ಮಾಡುವ ಅಪರೂಪದ ಅಧಿಕಾರ ಅಂದಿನ ಮೆಕ್ಸಿಕೊ ಸಂವಿಧಾನದ 97ನೆಯ ವಿಧಿಯಲ್ಲಿ ಆ ನ್ಯಾಯಾಲಯಕ್ಕಿತ್ತು. 2009ರ ಆಗಸ್ಟ್‌ನಲ್ಲಿ ನ್ಯಾಯಾಲಯ ಒಪ್ಪಿಕೊಂಡು ತನಿಖಾ ಆಯೋಗ ರಚಿಸಿತು. ಆಯೋಗ ಎಬಿಸಿ ಒಂದನ್ನೇ ನೋಡಲಿಲ್ಲ, ದೇಶದ ಹೊರಗುತ್ತಿಗೆ ವ್ಯವಸ್ಥೆಯನ್ನೇ ಜಾಲಾಡಿತು. 1,480 ಕೇಂದ್ರಗಳ ಪೈಕಿ ಎಲ್ಲ ಅಗತ್ಯ ದಾಖಲೆಗಳೂ ಷರತ್ತುಗಳೂ ಸರಿಯಿದ್ದವು ಕೇವಲ 14 ಎಂಬ ಅಂಶ ಅದರಿಂದ ಹೊರಬಂತು. ಹೆತ್ತವರ ಹೋರಾಟಕ್ಕೆ ಇದಕ್ಕಿಂತ ಬಲವಾದ ಆಧಾರ ಮತ್ತೊಂದು ಸಿಗಲಿಲ್ಲ.

ನ್ಯಾಯಮೂರ್ತಿ ಆರ್ತುರೊ ಸಾಲ್ದಿವಾರ್ ಸಿದ್ಧಪಡಿಸಿದ ಕರಡು ತೀರ್ಪು ಅಂದಿನ ರಾಜ್ಯಪಾಲ ಎದುವಾರ್ದೊ ಬೌರ್ಸ್, ವಿಮಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಹ್ವಾನ್ ಮೊಲಿನಾರ್ ಹೊರ್ಕಾಸಿತಾಸ್ ಮತ್ತು ಅವರ ನಂತರ ಬಂದ ಡೇನಿಯಲ್ ಕರಮ್ ಸೇರಿದಂತೆ ಮೇಲಿನ ಹುದ್ದೆಯವರಿಗೂ ಹೊಣೆ ಹೊರಿಸಿತ್ತು. ಸಹಿ ಹಾಕಿದ ಗುಮಾಸ್ತನಷ್ಟೇ ಅಲ್ಲ, ಉಸ್ತುವಾರಿಯೇ ಇಲ್ಲದ ವ್ಯವಸ್ಥೆಯನ್ನು ನಡೆಯಗೊಟ್ಟವರೂ ಹೊಣೆಗಾರರು ಎಂಬುದು ಅದರ ತಿರುಳು. 2010ರ ಜೂನ್‌ನಲ್ಲಿ ಪೂರ್ಣಪೀಠ ಚರ್ಚಿಸಿತು. ಹಕ್ಕುಗಳ ಗಂಭೀರ ಉಲ್ಲಂಘನೆ ನಡೆದದ್ದು ನಿಜ ಎಂದು ಒಪ್ಪಿತು. ಉನ್ನತ ಅಧಿಕಾರಿಗಳನ್ನು ಹೊಣೆ ಮಾಡುವ ಭಾಗವನ್ನೂ ವ್ಯವಸ್ಥೆಯೇ ಒಟ್ಟಾರೆ ಕೆಟ್ಟಿದೆ ಎಂಬ ಭಾಗವನ್ನೂ ಬಹುಮತ ತಳ್ಳಿಹಾಕಿತು. ಹೆತ್ತವರಿಗೆ ಇದು ಎರಡನೆಯ ಆಘಾತ. ಮುಂದಿನ ವರ್ಷ, 2011ರ ಸಂವಿಧಾನ ತಿದ್ದುಪಡಿಯಲ್ಲಿ, ಈ ತನಿಖಾಧಿಕಾರವನ್ನೇ ನ್ಯಾಯಾಲಯದಿಂದ ತೆಗೆದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರ್ಗಾಯಿಸಲಾಯಿತು. ಸಾಲ್ದಿವಾರ್ ಅವರ ಕರಡು ಬಹುಮತ ಪಡೆಯದಿದ್ದರೂ ಆಳುವವರ ಹೊಣೆಗಾರಿಕೆಯ ಬಗ್ಗೆ ಮೆಕ್ಸಿಕೊದಲ್ಲಿ ಇಂದಿಗೂ ಚರ್ಚೆಯಾಗುವ ದಾಖಲೆಯಾಗಿದೆ.

‘ಜೂನ್ 5’ ಕಾನೂನು

ನ್ಯಾಯಾಲಯದಲ್ಲಿ ಸಿಗದಿದ್ದುದನ್ನು ಹೆತ್ತವರು ಸಂಸತ್ತಿನಲ್ಲಿ ಅರಸಿದರು. ವಕೀಲರ ನೆರವಿನಿಂದ ಮಸೂದೆಯ ರೂಪರೇಷೆ ತಯಾರಿಸಿ, ಮೆಕ್ಸಿಕೊ ನಗರಕ್ಕೆ ಅಲೆದು, ಪಕ್ಷಭೇದವಿಲ್ಲದೆ ಸಂಸದರ ಬೆನ್ನುಹತ್ತಿದರು. ಮಕ್ಕಳ ಪಾಲನೆ, ಆರೈಕೆ ಮತ್ತು ಸಮಗ್ರ ವಿಕಾಸ ಸೇವೆಗಳ ಸಾಮಾನ್ಯ ಕಾಯ್ದೆ 2011ರ ಅಕ್ಟೋಬರ್ 24ರಂದು ಅಧಿಕೃತ ಗೆಜೆಟ್‌ನಲ್ಲಿ ಪ್ರಕಟವಾಯಿತು. ಜನ ಅದನ್ನು ‘ಜೂನ್ 5 ಕಾನೂನು’ ಎಂದೇ ಕರೆಯುತ್ತಾರೆ. ಅದರ ನಿಯಮಾವಳಿ 2012ರಲ್ಲಿ ಬಂತು.

ಈ ಕಾಯ್ದೆಯ ಒಂದೊಂದು ಕಲಮಿನ ಹಿಂದೆಯೂ ಆ ಕಟ್ಟಡದ ಒಂದೊಂದು ಲೋಪ ಕಾಣುತ್ತದೆ. ಉಗ್ರಾಣದ ಪಕ್ಕದಲ್ಲೇ ಕೇಂದ್ರವಿತ್ತು. ಮಕ್ಕಳಿಗೆ ಅಪಾಯ ತರಬಲ್ಲ ಯಾವ ಉದ್ಯಮವೂ ಕೇಂದ್ರದಿಂದ ಐವತ್ತು ಮೀಟರ್ ಒಳಗೆ ಇರಕೂಡದು ಎಂದು ಕಾಯ್ದೆ ಹೇಳುತ್ತದೆ. ಬೆಂಕಿ ಬಂದಾಗ ಒಂದೇ ಬಾಗಿಲಿಗೆ ಎಲ್ಲರೂ ನುಗ್ಗಬೇಕಾಯಿತು. ತುರ್ತು ನಿರ್ಗಮನದ ದಾರಿಗಳು, ಬೇಗ ಉರಿಯದ ಸಾಮಗ್ರಿ, ಆಂತರಿಕ ನಾಗರಿಕ ರಕ್ಷಣಾ ಯೋಜನೆ ಈಗ ಕಡ್ಡಾಯ. ಕನಿಷ್ಠ ಎರಡು ತಿಂಗಳಿಗೊಮ್ಮೆ ಕಟ್ಟಡದಲ್ಲಿರುವ ಎಲ್ಲರೂ ಸೇರಿ ಪಾರಾಗುವ ಅಭ್ಯಾಸ ಮಾಡಲೇಬೇಕು. ಹತ್ತು ಮಕ್ಕಳವರೆಗೆ, ಐವತ್ತರವರೆಗೆ, ನೂರರವರೆಗೆ, ನೂರಕ್ಕೆ ಮೇಲ್ಪಟ್ಟು ಎಂದು ಕೇಂದ್ರಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಅದಕ್ಕೆ ತಕ್ಕ ಷರತ್ತು ಹಾಕಲಾಗಿದೆ. ಸರ್ಕಾರಿ, ಖಾಸಗಿ, ಹೊರಗುತ್ತಿಗೆ ಎಂಬ ಭೇದವಿಲ್ಲದೆ ಎಲ್ಲ ಕೇಂದ್ರಗಳೂ ನೋಂದಣಿ ಪುಸ್ತಕದಲ್ಲಿ ದಾಖಲಾಗಬೇಕು. ನೀತಿಯನ್ನು ರೂಪಿಸಿ ಬೇರೆ ಬೇರೆ ಇಲಾಖೆಗಳನ್ನು ಹೊಂದಿಸಲು ರಾಷ್ಟ್ರೀಯ ಮಂಡಳಿಯೊಂದು ಸ್ಥಾಪನೆಯಾಯಿತು.

ನೋಂದಣಿಯ ವಿಷಯ ನೋಡಲು ಸಣ್ಣದು, ಆದರೆ ಇದರ ತೂಕ ಹೆಚ್ಚು. ದುರಂತಕ್ಕೆ ಮುಂಚೆ ಕಟ್ಟಡದ ಪರವಾನಗಿ ನಗರಸಭೆಯದು, ಅಗ್ನಿ ಸುರಕ್ಷತೆ ನಾಗರಿಕ ರಕ್ಷಣಾ ಇಲಾಖೆಯದು, ಗುತ್ತಿಗೆ ವಿಮಾ ಸಂಸ್ಥೆಯದು, ಪಕ್ಕದ ಉಗ್ರಾಣ ರಾಜ್ಯ ಸರ್ಕಾರದ್ದು. ಪ್ರತಿಯೊಬ್ಬರೂ ಮತ್ತೊಬ್ಬರ ಕಾಗದವನ್ನು ತೋರಿಸಬಹುದಿತ್ತು. ಇಡೀ ಸೂರನ್ನು ಒಟ್ಟಿಗೆ ನೋಡಬೇಕಾದವರು ಯಾರೂ ಇರಲಿಲ್ಲ. ಹೆತ್ತವರ ಬೇಡಿಕೆ ಈ ಗಂಟಿಗೇ ಕೈಹಾಕಿತು: ತಪಾಸಣೆ ಆಗಬೇಕು ಎಂದಷ್ಟೇ ಕೇಳದೆ, ಯಾರು ಮಾಡಿದರು, ಏನು ಕಂಡರು, ಕಂಡದ್ದನ್ನು ಸರಿಪಡಿಸದಿದ್ದರೆ ಬಾಗಿಲು ಮುಚ್ಚಿಸುವ ಅಧಿಕಾರ ಯಾರದು ಎಂಬುದು ಕಾನೂನಿನಲ್ಲೇ ಇರಬೇಕೆಂದು ಅವರು ಪಟ್ಟುಹಿಡಿದರು. ದೂರು ಕೊಡಲು, ಕೇಂದ್ರದ ಮೇಲೆ ನಿಗಾ ಇಡಲು ಹೆತ್ತವರಿಗೂ ಕಾಯ್ದೆಯಲ್ಲಿ ಸ್ಥಾನ ದೊರೆಯಿತು.

ಗಾಯಾಳು ಮಕ್ಕಳ ಕುಟುಂಬಗಳ ಒತ್ತಾಯದಿಂದ 2010ರ ಜುಲೈನಲ್ಲಿ ಅಧ್ಯಕ್ಷರ ಆದೇಶವೊಂದು ಹೊರಬಿದ್ದು, ಚಿಕಿತ್ಸೆ ಮತ್ತು ಆರ್ಥಿಕ ನೆರವಿಗೆ ದಾರಿಯಾಯಿತು. ಜೂನ್ 5 ಮೆಕ್ಸಿಕೊದಲ್ಲಿ ರಾಷ್ಟ್ರೀಯ ಶೋಕದಿನ. ಅಂದು ಧ್ವಜ ಅರ್ಧಕ್ಕೆ ಇಳಿಯುತ್ತದೆ. 2017ರ ಜೂನ್ 5ರಂದು ಹೆತ್ತವರು ಮತ್ತು ಬೆಂಬಲಿಗರು ಮೆಕ್ಸಿಕೊ ನಗರದ ರಿಫೋರ್ಮಾ ಹೆದ್ದಾರಿಯಲ್ಲಿ, ವಿಮಾ ಸಂಸ್ಥೆಯ ಪ್ರಧಾನ ಕಚೇರಿಯ ಎದುರಿಗೇ, ‘49’ ಮತ್ತು ‘ಎಬಿಸಿ’ ಎಂಬ ದೊಡ್ಡ ಲೋಹದ ಅಕ್ಷರಗಳ ಸ್ಮಾರಕವನ್ನು ಅನುಮತಿಗೆ ಕಾಯದೆ ನಿಲ್ಲಿಸಿದರು.

ಬೇರೆ ದೇಶಗಳಲ್ಲಿ

ಅಮೆರಿಕದಲ್ಲಿ ಶಿಶುಪಾಲನಾ ಕೇಂದ್ರಗಳ ಪರವಾನಗಿ ರಾಜ್ಯಗಳ ಕೈಯಲ್ಲಿದೆ. ಮನೆಯಲ್ಲೇ ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವವರ ಮೇಲೆ ಕೆಲವು ರಾಜ್ಯಗಳಲ್ಲಿ ತಪಾಸಣೆಯೇ ಇರಲಿಲ್ಲ. ಕಾನ್ಸಸ್ ರಾಜ್ಯದಲ್ಲಿ ಅಂಥ ಮನೆಯೊಂದರಲ್ಲಿ ಮಗುವನ್ನು ಕಳೆದುಕೊಂಡ ಹೆತ್ತವರು ಪಟ್ಟುಹಿಡಿದು, ತಪಾಸಣೆಯಿಲ್ಲದೆ ನೋಂದಾಯಿಸಿಕೊಳ್ಳುವ ಪದ್ಧತಿಯನ್ನು 2010ರ ಕಾಯ್ದೆಯ ಮೂಲಕ ರದ್ದುಮಾಡಿಸಿದರು. ಕಾಯ್ದೆಗೆ ಜನ ಆ ಮಗುವಿನ ಹೆಸರನ್ನೇ ಇಟ್ಟಿದ್ದಾರೆ. ಬಡ ಕುಟುಂಬಗಳ ಶಿಶುಪಾಲನೆಗೆ ಕೇಂದ್ರ ಸರ್ಕಾರ ಕೊಡುವ ಅನುದಾನದ ಕಾನೂನು 1996ರ ನಂತರ ಹೊಸದಾಗಿರಲಿಲ್ಲ. ಮಕ್ಕಳನ್ನು ಕಳೆದುಕೊಂಡವರು ಸಂಸತ್ತಿನ ಸಮಿತಿಗಳ ಮುಂದೆ ಸಾಕ್ಷ್ಯ ನುಡಿದರು. 2014ರ ನವೆಂಬರ್ 19ರಂದು ಅಧ್ಯಕ್ಷ ಬರಾಕ್ ಒಬಾಮ ಸಹಿ ಹಾಕಿದ ಹೊಸ ಕಾನೂನು ಸಿಬ್ಬಂದಿಯ ಬೆರಳಚ್ಚು ಸಹಿತ ಪೂರ್ವಾಪರ ಪರಿಶೀಲನೆ, ಪರವಾನಗಿ ಪಡೆದ ಕೇಂದ್ರಗಳಿಗೆ ವರ್ಷಕ್ಕೊಮ್ಮೆಯಾದರೂ ಮುನ್ಸೂಚನೆಯಿಲ್ಲದ ತಪಾಸಣೆ, ತಪಾಸಣಾ ವರದಿಗಳ ಬಹಿರಂಗ ಪ್ರಕಟಣೆ ಇವನ್ನು ರಾಜ್ಯಗಳಿಗೆ ಕಡ್ಡಾಯ ಮಾಡಿತು.

ದಕ್ಷಿಣ ಕೊರಿಯಾದಲ್ಲಿ ಕ್ಯಾಮೆರಾ ಚಳವಳಿಯ ಕೇಂದ್ರವಾಯಿತು. 2015ರ ಜನವರಿಯಲ್ಲಿ ಇಂಚೋನ್ ನಗರದ ಕೇಂದ್ರವೊಂದರಲ್ಲಿ ಶಿಕ್ಷಕಿಯೊಬ್ಬರು ನಾಲ್ಕು ವರ್ಷದ ಮಗುವನ್ನು ಹೊಡೆದ ದೃಶ್ಯ ಟಿವಿಯಲ್ಲಿ ಬಂದಾಗ ಹೆತ್ತವರು ಬೀದಿಗಿಳಿದರು. ಮೊದಲ ಯತ್ನದಲ್ಲಿ ಸಂಸತ್ತಿನಲ್ಲಿ ಬಿದ್ದುಹೋದ ಮಸೂದೆ ಏಪ್ರಿಲ್ ಕೊನೆಗೆ ಅಂಗೀಕಾರವಾಗಿ, ಸೆಪ್ಟೆಂಬರ್‌ನಿಂದ ಎಲ್ಲ ಕೇಂದ್ರಗಳಲ್ಲೂ ಕ್ಯಾಮೆರಾ ಕಡ್ಡಾಯವಾಯಿತು. ದೃಶ್ಯಗಳನ್ನು ಅರವತ್ತು ದಿನ ಇಟ್ಟುಕೊಳ್ಳಬೇಕು. ಆದರೆ ಕ್ಯಾಮೆರಾ ನಡೆದುಹೋದದ್ದನ್ನು ತೋರಿಸುತ್ತದೆ, ನಡೆಯದಂತೆ ತಡೆಯುವ ಶಕ್ತಿ ಅದಕ್ಕೆ ಕಡಿಮೆ. 2018ರ ಬೇಸಿಗೆಯಲ್ಲಿ ಕೇಂದ್ರದ ವಾಹನದೊಳಗೆ ಮರೆತುಬಿಟ್ಟ ಮಗುವೊಂದು ಬಿಸಿಲಿಗೆ ಸತ್ತಾಗ ಅದು ಎಲ್ಲರಿಗೂ ಮನದಟ್ಟಾಯಿತು. ವಾಹನದ ಹಿಂಬದಿಯವರೆಗೂ ಹೋಗಿ ಗುಂಡಿ ಒತ್ತಿದ ಮೇಲಷ್ಟೇ ಚಾಲಕ ಇಳಿಯಬಹುದಾದ ಉಪಕರಣ ಆಮೇಲೆ ಬಂತು. 2017ರಲ್ಲಿ ಹುಟ್ಟಿದ ‘ರಾಜಕೀಯ ಮಾಡುವ ಅಮ್ಮಂದಿರು’ ಎಂಬ ಸಂಘಟನೆ ಇನ್ನೂ ಮುಂದೆ ಹೋಗಿ ಲೆಕ್ಕಪತ್ರವನ್ನು ಕೇಳಿತು: ಸರ್ಕಾರದ ಹಣ ಪಡೆಯುವ ಖಾಸಗಿ ಶಿಶುವಿಹಾರಗಳ ಲೆಕ್ಕ ತಪಾಸಣೆಯಲ್ಲಿ ಸಿಕ್ಕಿಬಿದ್ದವರ ಹೆಸರನ್ನು ಬಹಿರಂಗಪಡಿಸಿ ಎಂದು. 2018ರ ಅಕ್ಟೋಬರ್‌ನಲ್ಲಿ ಪಟ್ಟಿ ಹೊರಬಿದ್ದು ದೇಶವೇ ಕುದಿಯಿತು. 2020ರ ಜನವರಿಯಲ್ಲಿ ಶಿಶುವಿಹಾರಗಳ ಲೆಕ್ಕಪತ್ರ ಬಿಗಿಗೊಳಿಸುವ ಮೂರು ಕಾನೂನುಗಳು ಅಂಗೀಕಾರವಾದವು.

ಹೋರಾಟದ ಕಷ್ಟಗಳು, ಮಿತಿಗಳು

ಈ ಕ್ಷೇತ್ರದಲ್ಲಿ ಹೆತ್ತವರ ಸಂಘಟನೆ ಕಾರ್ಮಿಕ ಸಂಘದಂತೆ ಗಟ್ಟಿಯಾಗಿ ನೆಲೆಯೂರುವುದು ಅಪರೂಪ. ಮಗು ನಾಲ್ಕೈದು ವರ್ಷಕ್ಕೆ ಶಾಲೆ ಸೇರಿದೊಡನೆ ತಾಯಿತಂದೆಯರ ಗಮನ ಅಲ್ಲಿಗೆ ಹೊರಳುತ್ತದೆ. ಅವರ ಜಾಗಕ್ಕೆ ಬರುವವರು ಹಿಂದಿನದನ್ನು ಅರಿಯದ ಹೊಸಬರು. ಏನಾಯಿತೆಂದು ಕೂಸು ಹೇಳಲಾರದು. ದೂರು ಕೊಟ್ಟರೆ ನಾಳೆ ಮಗುವನ್ನು ಸೇರಿಸಿಕೊಳ್ಳದಿದ್ದರೆ ಕೆಲಸಕ್ಕೆ ಹೋಗುವುದು ಹೇಗೆ ಎಂಬ ಭಯ ಬೇರೆ. ಜಾಗ ಕಡಿಮೆ ಇರುವ ಕಡೆಯೆಲ್ಲ ಈ ಭಯ ಹೆಚ್ಚು. ಹಾಗಾಗಿ ಬಹುಪಾಲು ಚಳವಳಿಗಳ ಮುಂದಾಳುಗಳು ಇನ್ನು ಕಳೆದುಕೊಳ್ಳಲು ಏನೂ ಉಳಿಯದವರು, ಅಂದರೆ ಮಗುವನ್ನೇ ಕಳೆದುಕೊಂಡವರು. ಸುಧಾರಣೆಗೆ ಸಾವು ಮುಂಗಡವಾಗಿ ಬೇಕಾಗುವ ಈ ಪರಿಸ್ಥಿತಿ ಯಾವ ಸಮಾಜಕ್ಕೂ ಗೌರವ ತರುವಂಥದಲ್ಲ.

ಹೆತ್ತವರಿಗೂ ಕೇಂದ್ರದ ಕೆಲಸಗಾರ್ತಿಯರಿಗೂ ನಡುವಿನ ಸಂಬಂಧ ಇನ್ನೊಂದು ತೊಡಕು. ಸಿಟ್ಟು ಮೊದಲು ತಿರುಗುವುದು ಕಡಿಮೆ ಸಂಬಳಕ್ಕೆ ಹೆಚ್ಚು ಮಕ್ಕಳನ್ನು ನೋಡಿಕೊಳ್ಳುವ ಆಯಾಗಳ ಮೇಲೆ. ಒಬ್ಬರ ಪಾಲಿಗೆ ಎಷ್ಟು ಕೂಸುಗಳು ಎಂಬ ಪ್ರಶ್ನೆ ಸುರಕ್ಷತೆಯ ಪ್ರಶ್ನೆಯೂ ಹೌದು, ಅವರ ದುಡಿಮೆಯ ಪ್ರಶ್ನೆಯೂ ಹೌದು. ಇಬ್ಬರೂ ಕೈಜೋಡಿಸಿದ ಕಡೆ ಸುಧಾರಣೆ ಬಾಳುತ್ತದೆ. ಎರ್ಮೊಸಿಯೊದಲ್ಲಿ ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದವರೂ ಇದೇ ಆಯಾಗಳು ಎಂಬುದನ್ನು ಮರೆಯಬಾರದು.

ಶಿಕ್ಷೆಯ ವಿಷಯದಲ್ಲಿ ಮೆಕ್ಸಿಕೊದ ಹೆತ್ತವರು ಬಯಸಿದ್ದು ಈಡೇರಿಲ್ಲ. 2016ರಲ್ಲಿ ಫೆಡರಲ್ ನ್ಯಾಯಾಲಯ ಹಲವರಿಗೆ ದೀರ್ಘ ಸೆರೆವಾಸ ವಿಧಿಸಿತು. ಮೇಲ್ಮನವಿಗಳು ವರ್ಷಗಟ್ಟಲೆ ನಡೆದವು. ಶಿಕ್ಷೆಗೊಳಗಾದವರು ಕೇಂದ್ರಕ್ಕೆ ಸಂಬಂಧಿಸಿದವರು ಮತ್ತು ಕೆಳಗಿನ, ನಡುವಿನ ಹಂತದ ಅಧಿಕಾರಿಗಳು. ಕರಡು ತೀರ್ಪು ಹೆಸರಿಸಿದ್ದ ರಾಜ್ಯಪಾಲರು ಮತ್ತು ಸಂಸ್ಥೆಯ ಮುಖ್ಯಸ್ಥರಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ.

ಉಸ್ತುವಾರಿ ಬಿಗಿಯಾಗಬೇಕೆಂಬ ಮಾತು ಸೇವೆಯನ್ನೇ ನಿಲ್ಲಿಸಲು ನೆಪವಾಗುವ ಅಪಾಯವೂ ಇದೆ. ವಿಮೆಯಿಲ್ಲದ ಕೆಲಸಗಳಲ್ಲಿರುವ ತಾಯಂದಿರಿಗಾಗಿ 2007ರಲ್ಲಿ ಆರಂಭವಾಗಿದ್ದ ಮತ್ತೊಂದು ಯೋಜನೆ ನೆರೆಹೊರೆಯ ಸಣ್ಣ ಕೇಂದ್ರಗಳಿಗೆ ಸಹಾಯಧನ ಕೊಡುತ್ತಿತ್ತು. 2019ರಲ್ಲಿ ಅಧ್ಯಕ್ಷ ಆಂದ್ರೆಸ್ ಮಾನುಯೆಲ್ ಲೋಪೆಸ್ ಒಬ್ರದೋರ್ ಅವರ ಸರ್ಕಾರ ಅವ್ಯವಹಾರಗಳ ಕಾರಣ ಹೇಳಿ ಕೇಂದ್ರಗಳಿಗೆ ಹಣ ನಿಲ್ಲಿಸಿತು. ಬದಲಿಗೆ ಕುಟುಂಬಗಳಿಗೇ ಎರಡು ತಿಂಗಳಿಗೊಮ್ಮೆ 1,600 ಪೆಸೊ ಕೊಡಲು ಶುರುಮಾಡಿತು. ಹಣವನ್ನು ಅಜ್ಜಿಗೆ ಕೊಟ್ಟರೂ ಆದೀತು ಎಂಬ ಧಾಟಿಯ ಸಮರ್ಥನೆ ಕೇಳಿಬಂತು. ಸಾವಿರಾರು ತಾಯಂದಿರು, ಕೇಂದ್ರ ನಡೆಸುವವರು ಪ್ರತಿಭಟಿಸಿದರು, ನ್ಯಾಯಾಲಯಕ್ಕೂ ಹೋದರು. ಮಗು ಅಜ್ಜಿಯ ಬಳಿಯೋ ಪಕ್ಕದ ಮನೆಯಲ್ಲೋ ಉಳಿದಾಗ ಐವತ್ತು ಮೀಟರ್‌ಗಳ ನಿಯಮವಾಗಲಿ ಎರಡು ತಿಂಗಳ ಅಭ್ಯಾಸವಾಗಲಿ ಅಲ್ಲಿಗೆ ತಲುಪುವುದಿಲ್ಲ. ಕೇಂದ್ರಗಳನ್ನು ಸರಿಪಡಿಸಿ ನಡೆಸಿ ಎಂದು ಕೇಳಿದವರಿಗೆ ಕೇಂದ್ರವಿಲ್ಲದ ಹಣ ಸಿಕ್ಕಿತು.